ಬೋರ್ಡಿನಲ್ಲಿ ಇಂಡಿಯಾ, ಒಲೆಯ ಮುಂದೆ ಸಿಲ್ಹೆಟ್

ಬ್ರಿಟನ್ನಿನಲ್ಲಿ 'ಇವತ್ತು ರಾತ್ರಿ ಒಂದು ಇಂಡಿಯನ್ ಆಗಲಿ' ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಕಿಲ್ಲ. ವಾರಾಂತ್ಯದ ಸಂಜೆ ಪಬ್ಬಿನಿಂದ ಎದ್ದು ಕರ್ರಿ ತಿನ್ನಲು ಹೋಗುವುದಕ್ಕೆ ಅಲ್ಲಿನ ಆಡುಮಾತು ಅದು. ಒಂದು ದೇಶದ ಮನುಷ್ಯರ ಹೆಸರು ಒಂದು ಹೊತ್ತಿನ ಊಟದ ಹೆಸರಾದದ್ದನ್ನು ಅಲ್ಲಿನ ಏಷ್ಯನ್ ನಟರೇ ಬಿಬಿಸಿಯ 'ಗುಡ್‌ನೆಸ್ ಗ್ರೇಷಿಯಸ್ ಮಿ' ಹಾಸ್ಯ ಕಾರ್ಯಕ್ರಮದಲ್ಲಿ ತಿರುಗುಬಾಣವಾಗಿಸಿದ್ದರು. ಅದರಲ್ಲಿ ಮುಂಬಯಿಯ ಯುವಕರ ಗುಂಪೊಂದು ಲಸ್ಸಿಯ ಅಮಲಿನಲ್ಲಿ 'ಇಂಗ್ಲಿಷ್' ತಿನ್ನಲು ಹೋಗಿ, ಇರುವುದರಲ್ಲೆಲ್ಲ ಸಪ್ಪೆಯಾದದ್ದನ್ನು ತಾ ಎಂದು ಬಿಳಿಯ ವೇಟರನನ್ನು ಗೋಳು ಹೊಯ್ದುಕೊಳ್ಳುತ್ತದೆ. ನಗು ಬರುತ್ತದೆ, ನಗು ನಿಂತ ಮೇಲೆ ಆ ವೇಟರನ ಮುಖ ನೆನಪಿಗೆ ಬರುತ್ತದೆ.

ಬೂಟು ತಯಾರಿಕೆಗೆ ಹೆಸರಾದ ನಾರ್ತಾಂಪ್ಟನ್ ಪಟ್ಟಣದ ಇಂಥದೊಂದು ಹೋಟೆಲಿನಲ್ಲಿ ಶನಿವಾರ ರಾತ್ರಿ ಒಂದು ಕುರ್ಚಿ ಖಾಲಿ ಇರಲಿಲ್ಲ. ಮೊದಲು ಬಂದದ್ದು ಹಪ್ಪಳ. ನಮ್ಮಲ್ಲಿ ಎಲೆಯ ತುದಿಗೆ ಬಂದು ಕೂರುವ ಈ ಬಡಪಾಯಿಗೆ ಅಲ್ಲಿ ಪೀಠಿಕೆಯ ಸ್ಥಾನ. ಜೊತೆಗೆ ಮಾವಿನ ಸಿಹಿ ಚಟ್ನಿ, ಹೆಚ್ಚಿದ ಈರುಳ್ಳಿ, ನಿಂಬೆ ಉಪ್ಪಿನಕಾಯಿಗಳ ಒಂದು ತಟ್ಟೆ. ಆಮೇಲೆ ಮೆನು. ಅದನ್ನು ತಿನಿಸುಗಳ ಪಟ್ಟಿ ಎನ್ನುವುದಕ್ಕಿಂತ ಥರ್ಮಾಮೀಟರ್ ಎನ್ನುವುದೇ ಸರಿ. ಕುರ್ಮಾ ಎಂದರೆ ಖಾರವಿಲ್ಲ, ಮದ್ರಾಸ್ ಎಂದರೆ ಖಾರ, ವಿಂದಾಲೂ ಎಂದರೆ ಬಲು ಖಾರ, ಫಾಲ್ ಎಂದರೆ ಗೆಳೆಯರೊಡನೆ ಪಣ ಕಟ್ಟಿದವರಿಗೆ ಮಾತ್ರ. 'ಮದ್ರಾಸ್' ಎಂಬ ಸಾರು ಚೆನ್ನೈಯಲ್ಲಿ ಯಾರಿಗೂ ಗೊತ್ತಿಲ್ಲ.

ವಿಂದಾಲೂವಿನ ಕಥೆ ಇನ್ನೂ ಸೊಗಸಾದದ್ದು. ವೈನು, ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸಿಡುವ ಪೋರ್ಚುಗೀಸರ ಪದ್ಧತಿ ಗೋವಾಕ್ಕೆ ಬಂದು ವಿನೆಗರ್ ಮತ್ತು ಮೆಣಸಿನಕಾಯಿ ಸೇರಿಸಿಕೊಂಡು ವಿಂದಾಲೂ ಆಯಿತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ಹಂದಿಮಾಂಸದ ವಿಂದಾಲೂ ಹಬ್ಬದೂಟ. ಅದೇ ಪದಾರ್ಥ ಇಂಗ್ಲೆಂಡಿನಲ್ಲಿ ಮುಸ್ಲಿಂ ಅಡುಗೆಯವರ ಕೈಗೆ ಬಂದು ಕೋಳಿಯದ್ದೋ ಕುರಿಯದ್ದೋ ಆಯಿತು. ಹೆಸರಿನ ಕೊನೆಯಲ್ಲಿ 'ಆಲೂ' ಕೇಳಿಸುತ್ತದೆಂದು ಎಷ್ಟೋ ಕಡೆ ಬಟಾಟೆಯೂ ಸೇರಿತು. ಪೋರ್ಚುಗೀಸರ ಹೆಸರು, ಗೋವಾದ ಕ್ರೈಸ್ತರ ರುಚಿ, ಬಂಗಾಳಿ ಮುಸ್ಲಿಮರ ಕೈ, ಇಂಗ್ಲಿಷರ ಹೊಟ್ಟೆ. ಶುದ್ಧತೆಯ ಪರೀಕ್ಷೆಗೆ ಕೂರಿಸಿದರೆ ಈ ತಟ್ಟೆ ಎಲ್ಲ ವಿಷಯಗಳಲ್ಲೂ ಫೇಲು. ರುಚಿ ಮಾತ್ರ ಚೆನ್ನಾಗಿತ್ತು.

ಅಲ್ಲಿ ನೆಲೆಸಿರುವ ನಮ್ಮವರಿಗೆ ಇದು ಒಪ್ಪಿಗೆಯಾಗುವುದಿಲ್ಲ. ಐಟಿ ಕೆಲಸಕ್ಕೆ ಹೋದ ಬೆಂಗಳೂರಿನ ಗೆಳೆಯರು ಮೂಗು ಮುರಿದು ಹೇಳುವ ಮಾತು ಒಂದೇ: 'ಅದು ಇಂಡಿಯನ್ ಅಲ್ಲ ಬಿಡಿ, ಬಾಂಗ್ಲಾದವರದು. ಎಲ್ಲಕ್ಕೂ ಒಂದೇ ಗ್ರೇವಿ.' ಎರಡನೆಯ ಮಾತು ಬಹುಮಟ್ಟಿಗೆ ನಿಜ. ರಾಶಿ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಟೊಮೆಟೊ, ಒಂದಿಷ್ಟು ಮಸಾಲೆಯೊಂದಿಗೆ ಗಂಟೆಗಟ್ಟಲೆ ಬೇಯಿಸಿ, ನುಣ್ಣಗೆ ಅರೆದು ಹಂಡೆಯಲ್ಲಿ ಇಟ್ಟಿರುತ್ತಾರೆ. ಆರ್ಡರು ಬಂದೊಡನೆ ಬಾಣಲೆಯಲ್ಲಿ ಎಣ್ಣೆ, ಪುಡಿ, ಮೊದಲೇ ಬೇಯಿಸಿಟ್ಟ ಮಾಂಸ, ಮೇಲೊಂದು ಸೌಟು ಗ್ರೇವಿ. ಕೆನೆ ಬಿದ್ದರೆ ಒಂದು ಹೆಸರು, ಮೆಣಸಿನಪುಡಿ ಬಿದ್ದರೆ ಇನ್ನೊಂದು. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. 2005ರಲ್ಲಿ ಹೊಸ ಪರವಾನಗಿ ಕಾನೂನು ಜಾರಿಯಾಗುವವರೆಗೆ ಇಂಗ್ಲೆಂಡಿನ ಪಬ್ಬುಗಳು ಸಾಮಾನ್ಯವಾಗಿ ರಾತ್ರಿ 11ಕ್ಕೆ ಮುಚ್ಚುತ್ತಿದ್ದವು. ಆ ಹೊತ್ತಿಗೆ ಒಮ್ಮೆಗೇ ನುಗ್ಗುವ ಹಸಿದ, ಕುಡಿದ ಗಿರಾಕಿಗಳಿಗೆ ಮೂರು ನಾಲ್ಕು ಜನ ಸೇರಿ ಬಡಿಸಬೇಕಿತ್ತು. ಆ ಇಕ್ಕಟ್ಟಿನಲ್ಲಿ ಹುಟ್ಟಿದ ಕಸುಬುದಾರಿಕೆ ಇದು. ನಮ್ಮೂರ ಗಾಡಿಯ ಮುಂದೆ ನಿಂತು ಗೋಬಿ ಮಂಚೂರಿ ತಿನ್ನುವಾಗ ಮಂಚೂರಿಯಾದ ದಾಖಲೆ ಕೇಳದವರು ಅಲ್ಲಿ ಮಾತ್ರ ಅಸಲಿತನದ ಇನ್‌ಸ್ಪೆಕ್ಟರುಗಳಾಗುವುದೇಕೆ?

ಇನ್ನು 'ಬಾಂಗ್ಲಾದವರದು' ಎಂಬ ಮಾತು. ಅದರಲ್ಲಿ ವಿವರಕ್ಕಿಂತ ತಿರಸ್ಕಾರವೇ ಹೆಚ್ಚು. ಇಂಗ್ಲೆಂಡಿನಲ್ಲಿ ಭಾರತೀಯನೊಬ್ಬ ನಡೆಸಿದ ಮೊದಲ ಹೋಟೆಲು 1810ರಲ್ಲಿ ಪಾಟ್ನಾದ ದೀನ್ ಮುಹಮ್ಮದ್ ಲಂಡನ್ನಿನ ಪೋರ್ಟ್‌ಮನ್ ಸ್ಕ್ವೇರಿನ ಬಳಿ ತೆರೆದ ಹಿಂದೂಸ್ತಾನೀ ಕಾಫಿ ಹೌಸ್. ಹುಕ್ಕಾ ಇತ್ತು, ಮಸಾಲೆಯ ಊಟವಿತ್ತು, ಸಾಕಷ್ಟು ಗಿರಾಕಿಗಳಿರಲಿಲ್ಲ. ಎರಡೇ ವರ್ಷಕ್ಕೆ ಆತ ದಿವಾಳಿಯಾದ. ರೀಜೆಂಟ್ ಸ್ಟ್ರೀಟಿನಲ್ಲಿ ವೀರಸ್ವಾಮಿ ಶುರುವಾದದ್ದು 1926ರಲ್ಲಿ. ಅದು ಸಿರಿವಂತರ ಜಾಗ. ಸಾಮಾನ್ಯ ಇಂಗ್ಲಿಷನಿಗೆ ಕರ್ರಿ ಉಣಿಸಿದವರು ಬೇರೆ. ಕಲ್ಕತ್ತೆಯಿಂದ ಹೊರಡುವ ಹಡಗುಗಳ ತಳದಲ್ಲಿ, ಬಾಯ್ಲರಿನ ಬೆಂಕಿಯೆದುರು ಕಲ್ಲಿದ್ದಲು ಸುರಿಯುತ್ತಿದ್ದ ಸಿಲ್ಹೆಟ್ಟಿನ ಲಸ್ಕರರು. ಲಂಡನ್ ಬಂದರಿನಲ್ಲಿ ಹಡಗಿನಿಂದ ತಪ್ಪಿಸಿಕೊಂಡು, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಎರಡನೇ ಮಹಾಯುದ್ಧದ ನಂತರ ಬಾಂಬಿಗೆ ಹಾಳಾದ ಅಗ್ಗದ ಅಂಗಡಿಗಳನ್ನು ಹಿಡಿದು ಮೀನು, ಚಿಪ್ಸಿನ ಜೊತೆಗೇ ಅನ್ನ, ಕರ್ರಿ ಮಾರಿದರು. ಆಗ ಸಿಲ್ಹೆಟ್ ಅಸ್ಸಾಮಿನ ಜಿಲ್ಲೆ. 1947ರ ಜುಲೈಯಲ್ಲಿ ಜನಮತ ಗಣನೆಯಾಗಿ ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಅಂದರೆ ಈ ಜನ ಹಡಗು ಹತ್ತಿದಾಗ ಇಂಡಿಯನ್ನರೇ. ದೇಶದ ಗೆರೆಗಳು ಸರಿದಾಡಿದವು, ಬೋರ್ಡು ಇದ್ದಲ್ಲೇ ಉಳಿಯಿತು.

ಉಳಿದದ್ದಕ್ಕೆ ವ್ಯಾಪಾರದ ಕಾರಣವೂ ಇದೆ. ತಾಜ್‌ಮಹಲ್, ಕೋಹಿನೂರ್, ರಾಜ್ ಎಂಬ ಹೆಸರುಗಳು ಇಂಗ್ಲಿಷನಿಗೆ ಅವನ ಅಜ್ಜನ ಸಾಮ್ರಾಜ್ಯವನ್ನು ನೆನಪಿಸುತ್ತವೆ. ಸಿಲ್ಹೆಟ್ ಏನನ್ನೂ ನೆನಪಿಸುವುದಿಲ್ಲ. ಆದರೆ ಕಾರಣ ಇಷ್ಟೇ ಎಂದು ನಾನು ನಂಬಲಾರೆ. 1978ರ ಮೇ 4ರಂದು ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವ ಕಾರ್ಮಿಕನನ್ನು ಜನಾಂಗದ್ವೇಷಿಗಳು ಇರಿದು ಕೊಂದರು. ಅವನ ಹೆಸರನ್ನು ಈಗ ಅಲ್ಲಿನ ಒಂದು ಉದ್ಯಾನಕ್ಕೆ ಇಡಲಾಗಿದೆ. ಅಂಥ ದಿನಗಳಲ್ಲಿ ಗಾಜಿನ ಬಾಗಿಲ ಹಿಂದೆ ಮಧ್ಯರಾತ್ರಿಯವರೆಗೆ ಕೂತು, ದುಡ್ಡು ಕೊಡದೆ ಓಡುವವರನ್ನೂ ಬೈಯುವವರನ್ನೂ ಸಹಿಸಬೇಕಾದವನು ತನ್ನ ಊರಿನ, ನಂಬಿಕೆಯ ಗುರುತನ್ನು ಬೋರ್ಡಿನ ಮೇಲೆ ಬರೆಯದೆ ಇದ್ದರೆ ಆಶ್ಚರ್ಯವೇನು? ತಾನು ಕುಡಿಯದ ಬಿಯರನ್ನು ಅವನು ಬಡಿಸಿದ್ದರ ಬಗ್ಗೆಯೂ ದೂರದಲ್ಲಿ ಕೂತು ಫತ್ವಾ ಕೊಡುವುದು ಸುಲಭ. ಬರ್ಮಿಂಗ್‌ಹ್ಯಾಮಿನಲ್ಲಿ ಪಾಕಿಸ್ತಾನಿ ಮೂಲದವರು 1970ರ ದಶಕದಲ್ಲಿ ಬೆಳೆಸಿದ ಬಾಲ್ಟಿ ಹೋಟೆಲುಗಳು ಬೇರೊಂದು ದಾರಿ ಹುಡುಕಿದವು. ಅವುಗಳಲ್ಲಿ ಹಲವು ಮದ್ಯ ಮಾರುವುದಿಲ್ಲ, ಬೇಕಾದವರು ತಾವೇ ತಂದುಕೊಳ್ಳುತ್ತಾರೆ.

2001ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಭಾಷಣವೊಂದರಲ್ಲಿ ಚಿಕನ್ ಟಿಕ್ಕಾ ಮಸಾಲಾ ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಸಾರಿದರು. ಆ ಮಾತನ್ನು ಇಂದಿಗೂ ಮೆಚ್ಚಿ ಉಲ್ಲೇಖಿಸುವವರಿದ್ದಾರೆ. ಅದೇ ವರ್ಷ ಮೇ ತಿಂಗಳಿಂದ ಜುಲೈವರೆಗೆ ಓಲ್ಡ್‌ಹ್ಯಾಮ್, ಬರ್ನ್ಲಿ, ಬ್ರಾಡ್‌ಫರ್ಡ್ ಪಟ್ಟಣಗಳ ಬೀದಿಗಳು ಹೊತ್ತಿ ಉರಿದವು. ಕುಕ್ ಒಳ್ಳೆಯ ಉದ್ದೇಶದಿಂದಲೇ ಆಡಿರಬಹುದು. ಆದರೆ ಖಾದ್ಯಕ್ಕೆ ಪೌರತ್ವ ಕೊಡಲು ಸಚಿವರ ಒಂದು ವಾಕ್ಯ ಸಾಕು, ಅಡುಗೆಯವನಿಗೆ ವೀಸಾ ಬೇಕು. 2016ರ ಬ್ರೆಕ್ಸಿಟ್ ಮತದಾನದಲ್ಲಿ, ಯುರೋಪಿನವರು ಕಡಿಮೆಯಾದರೆ ತಮ್ಮೂರ ಬಾಣಸಿಗರಿಗೆ ಅವಕಾಶ ಸಿಗುತ್ತದೆಂಬ ಭರವಸೆ ನಂಬಿ ಹಲವು ಕರ್ರಿ ಹೋಟೆಲ್ ಮಾಲೀಕರು ಹೊರಬರುವ ಪಕ್ಷ ವಹಿಸಿದ್ದರು. 2024ರ ಏಪ್ರಿಲ್‌ನಲ್ಲಿ ಕುಶಲ ಕೆಲಸಗಾರರ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳವನ್ನು 26,200 ಪೌಂಡಿನಿಂದ 38,700ಕ್ಕೆ ಏರಿಸಲಾಯಿತು. ಸಣ್ಣ ಪಟ್ಟಣದ ಕರ್ರಿ ಹೋಟೆಲು ಅಷ್ಟು ಕೊಡುವ ಸ್ಥಿತಿಯಲ್ಲಿಲ್ಲ. ಮಾಲೀಕರ ಮಕ್ಕಳು ಓದಿ ವಕೀಲರೋ ಫಾರ್ಮಸಿಸ್ಟರೋ ಆಗಿದ್ದಾರೆ. ಅದಕ್ಕಾಗಿಯೇ ಅಪ್ಪಂದಿರು ಈರುಳ್ಳಿ ಹೆಚ್ಚಿದ್ದು.

ನಾರ್ತಾಂಪ್ಟನ್ನಿನಲ್ಲಿ ನಮಗೆ ಬಡಿಸಿದವರು ಐವತ್ತು ದಾಟಿದ ಸಿಲ್ಹೆಟ್ಟಿನವರು. ಕೆಲಸದವರೆಲ್ಲ ರಾತ್ರಿ ಏನು ತಿನ್ನುತ್ತೀರಿ ಎಂದು ಕೇಳಿದಾಗ ನಕ್ಕು, ಮೀನಿನ ಸಾರು, ಇಲ್ಲವೇ ಶಾತ್ಕೋರಾ ಹಾಕಿದ ದನದ ಮಾಂಸ ಎಂದರು. ಶಾತ್ಕೋರಾ ಸಿಲ್ಹೆಟ್ಟಿನ ಒಂದು ಜಾತಿಯ ಹುಳಿಹಣ್ಣು. ಅದರ ದಪ್ಪ ಸಿಪ್ಪೆಯನ್ನೇ ಮಾಂಸದ ಜೊತೆ ಬೇಯಿಸುತ್ತಾರೆ, ಕಹಿ, ಹುಳಿ, ಪರಿಮಳ ಒಟ್ಟಿಗೆ ಬರುತ್ತದೆ. ಮೆನುವಿನ ಕೊನೆಯ ಪುಟದಲ್ಲಿ ಈಗ ಶಾತ್ಕೋರಾ ಚಿಕನ್ನಿಗೂ ಒಂದು ಸಾಲು ಸಿಕ್ಕಿದೆ. ಯಾರಾದರೂ ಕೇಳುತ್ತಾರೆಯೇ ಎಂದೆ. ಪಕ್ಕದ ಮೇಜಿನವರು ಕರೆದರು, ಅವರು ಟಿಕ್ಕಾ ಮಸಾಲಾದ ತಟ್ಟೆಗಳನ್ನೆತ್ತಿಕೊಂಡು ಆ ಕಡೆ ಹೋದರು.