ಜ್ಯಾಮ್ ಸಾಕು, ರಂಜಕ ಕಲಿಸಿ

ಹಳ್ಳಿಯ ಹೆಣ್ಣುಮಕ್ಕಳಿಗೆ ಆಹಾರ ಸಂರಕ್ಷಣೆಯ ತರಬೇತಿ ಅಂದಕೂಡಲೇ ಜ್ಯಾಮ್, ಜೆಲ್ಲಿ, ಸ್ಕ್ವಾಷ್ ಮುಂದೆ ಬರುತ್ತವೆ. ಜ್ಯಾಮ್ ಕೆಡದೆ ನಿಲ್ಲಬೇಕಾದರೆ ಅದರಲ್ಲಿ ಸಕ್ಕರೆಯಂಶ ಸುಮಾರು 65 ಪ್ರತಿಶತ ಮುಟ್ಟಬೇಕು. ಅಷ್ಟು ಸಕ್ಕರೆ ಸುರಿದು ಮಾಡಿದ್ದನ್ನು ವಿಜಯಪುರ ಜಿಲ್ಲೆಯ ಗೊಳಸಂಗಿಯ ಮನೆಯಲ್ಲಿ ಯಾವುದಕ್ಕೆ ಹಚ್ಚಿಕೊಂಡು ತಿನ್ನಬೇಕು? ಖಡಕ್ ರೊಟ್ಟಿ ಕೇಳುವುದು ಕೆಂಪು ಮೆಣಸಿನಕಾಯಿ ಕುಟ್ಟಿ ಮಾಡುವ ರಂಜಕವನ್ನು.

ಒಣಗಿಸುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿದೆ, ಮಾಳಿಗೆ ಇದೆ. ಶಾವಿಗೆ, ಹಪ್ಪಳ, ಸಂಡಿಗೆ ತಾವಾಗಿ ಒಣಗುತ್ತವೆ. ನೆಲದೊಳಗಿನ ಹಗೇವಿನಲ್ಲಿ ಜೋಳ ಕಾಪಿಟ್ಟ ಜನ ಇವರು. ಮುಚ್ಚಿದ ಕುಣಿಯೊಳಗೆ ಕಾಳೂ ಹುಳವೂ ಉಸಿರಾಡಿ ಗಾಳಿಯ ಆಮ್ಲಜನಕ ತೀರಿಸುತ್ತವೆ, ಆಮೇಲೆ ಹುಳ ಬದುಕುವುದಿಲ್ಲ.

ಪಾಠ ಬೇಕಾಗಿರುವುದು ಹಸಿಯಾಗಿ ಉಳಿಸುವ ಪದಾರ್ಥಕ್ಕೆ. ರಂಜಕಕ್ಕೆ ಪೂರ್ತಿ ಕೆಂಪಾದ ಹಸಿಮೆಣಸಿನಕಾಯಿ ಬೇಕು. ತೊಟ್ಟು ಇರುವಾಗಲೇ ತೊಳೆದು, ಒರೆಸಿ, ನೆರಳಿಗೆ ಹರವಿ, ಆಮೇಲೆ ತೊಟ್ಟು ಮುರಿಯಬೇಕು; ಇಲ್ಲದಿದ್ದರೆ ಕಾಯಿಯೊಳಗೆ ನೀರು ಇಳಿಯುತ್ತದೆ. ಬಳ್ಳೊಳ್ಳಿ, ಮೆಂತ್ಯ, ಉಪ್ಪು ಕೂಡಿಸಿ ಕುಟ್ಟಿದ ಮೇಲೆ ಲಿಂಬಿರಸ ಹಿಂಡುವುದು ಬರೇ ರುಚಿಗಲ್ಲ. ಮೆಣಸಿನಕಾಯಿಗೆ ತನ್ನದೇ ಹುಳಿ ಕಡಿಮೆ, ಪಿಎಚ್ 4.6ಕ್ಕಿಂತ ಕೆಳಗಿಳಿಯದಿದ್ದರೆ ಬೊಟುಲಿಸಂನ ವಿಷ ಹುಟ್ಟುವ ಭಯ ಇದ್ದೇ ಇದೆ. ಮೇಲೆ ಎಣ್ಣೆ ನಿಲ್ಲಿಸಿದರೆ ಆಯಿತು ಎಂದು ಹಲವರು ನಂಬಿದ್ದಾರೆ. ಎಣ್ಣೆ ಬೂಜು ತಡೆಯುತ್ತದೆ, ಆದರೆ ಬೊಟುಲಿಸಂನ ವಿಷ ಹುಟ್ಟಿಸುವ ಸೂಕ್ಷ್ಮಾಣು ಬೆಳೆಯುವುದೇ ಗಾಳಿಯಿಲ್ಲದ ಕಡೆ. ಹುಳಿಯೇ ಕಾಯಬೇಕು, ಅದಕ್ಕೆ ಲಿಂಬಿ ಇದೆ.  ಲಿಂಬಿರಸದ ಪಿಎಚ್ ಸುಮಾರು 2ರಿಂದ 2.5.

"ಉಪ್ಪು ಎಷ್ಟು ಹಾಕಬೇಕು ಆಯಿ?" ಎಂದರೆ "ಕೈಗೆ ಬಂದಷ್ಟು ಹಾಕವ್ವಾ" ಎನ್ನುತ್ತಾರೆ ಹಿರಿಯರು. ಆ ಕೈ ಸುಳ್ಳಲ್ಲ, ಅದಕ್ಕೆ ನಲವತ್ತು ವರ್ಷದ ರೂಢಿಯಿದೆ. ಆದರೆ ಮೊಮ್ಮಗಳ ಹಿಡಿ ಬೇರೆ. ಹಾಗಾಗಿ ಆಯಿಯ ಕೈಯ ಕೆಳಗೆ ಒಂದು ತಕ್ಕಡಿ ಇಡಬೇಕು, ಹಾಕಿದ್ದನ್ನು ತೂಗಿ ಬರೆದುಕೊಳ್ಳಬೇಕು. ಲಿಂಬಿ ಉಪ್ಪಿನಕಾಯಿಗೆ ಕಿಲೋ ಹಣ್ಣಿಗೆ 200 ಗ್ರಾಂ ಉಪ್ಪು ಹಿಡಿದರೆ ತಪ್ಪಾಗದು. ಅಗಸಿ ಚಟ್ನಿಗೆ ಲೆಕ್ಕ ಬೇರೆ: ಕುಟ್ಟಿದ ಅಗಸಿಯ ಎಣ್ಣೆ ಬೇಗ ಮುಗ್ಗುತ್ತದೆ, ತಿಂಗಳಿಗೆ ಆಗುವಷ್ಟೇ ಮಾಡಬೇಕು.

ಮಾರುವ ಆಸೆಯಿದ್ದವರಿಗೂ ದಾರಿಯಿದೆ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಕಿರು ಆಹಾರ ಘಟಕಕ್ಕೆ ವೆಚ್ಚದ 35 ಪ್ರತಿಶತ, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಕಲಿಸಲು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿನವರಲ್ಲಿ ನನ್ನದು ಒಂದೇ ಕೋರಿಕೆ: ಮುಂದಿನ ಕೆಂಪು ಮೆಣಸಿನಕಾಯಿ ಸುಗ್ಗಿಗೆ ತರಬೇತಿಯನ್ನು ಗೊಳಸಂಗಿಯಂಥ ಊರಿನ ಪಡಸಾಲೆಯಲ್ಲೇ ಇಡಿ, ಕುಟ್ಟಿ ತೋರಿಸುವ ಆಯಿಗೆ ಗೌರವಧನ ಕೊಡಿ, ಬಂದ ಪ್ರತಿಯೊಬ್ಬಳ ಕೈಗೂ ಪಿಎಚ್ ಕಾಗದದ ಒಂದು ಪಟ್ಟಿ ಕೊಟ್ಟು ಕಳಿಸಿ.