ಒಂದು ಆಸ್ಪತ್ರೆ ಚೀಟಿಯ ಐದು ಸಾಲು

ಸುಡಾನಿನ ಗೆಜಿರಾ ಎಂದರೆ ನೀಲಿ ನೈಲ್, ಬಿಳಿ ನೈಲ್ ನಡುವಿನ ಬಯಲು. 1925ರಲ್ಲಿ ಸೆನ್ನಾರ್ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಅಲ್ಲಿ ಹತ್ತಿ ಬೆಳೆಯಿತು. ಕಾಲುವೆಯಲ್ಲಿ ಬಸವನಹುಳುವೂ ಬೆಳೆಯಿತು. ಅದರ ಮೈಯಿಂದ ನೀರಿಗಿಳಿಯುವ ಶಿಸ್ಟೊಸೋಮಾ ಎಂಬ ಪರೋಪಜೀವಿ ಹುಳುವಿನ ಮರಿಗಳು ನೀರಲ್ಲಿ ನಿಂತವರ ಚರ್ಮ ತೂರಿ ಒಳಸೇರುತ್ತವೆ. ಈ ಪರೋಪಜೀವಿಯನ್ನು ವರ್ಷಗಟ್ಟಲೆ ಹೊತ್ತ ರೈತನ ಆಸ್ಪತ್ರೆ ಚೀಟಿಯಲ್ಲಿ ಬರಬಹುದಾದ ಸಾಲುಗಳನ್ನು ನಾನೇ ಜೋಡಿಸಿ ಇಲ್ಲಿ ಬಿಡಿಸಿದ್ದೇನೆ.

ಯಕೃತ್ತಿನ ಸ್ಕ್ಯಾನ್: ಪೋರ್ಟಲ್ ರಕ್ತನಾಳದ ಕವಲುಗಳ ಸುತ್ತ ದಪ್ಪ ಬಿಳಿ ಪಟ್ಟಿ.

ಬೆಳೆದ ಹುಳು ಇರುವುದು ಯಕೃತ್ತಿನಲ್ಲಲ್ಲ, ಕರುಳಿನ ರಕ್ತನಾಳಗಳಲ್ಲಿ. ಅಲ್ಲಿ ಗಂಡು ಹೆಣ್ಣು ಅಂಟಿಕೊಂಡೇ ಬದುಕುತ್ತವೆ. ಹೆಣ್ಣು ದಿನಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಮಲದಲ್ಲಿ ಹೊರಬೀಳದೆ ಉಳಿದವುಗಳಲ್ಲಿ ಬಹಳಷ್ಟು ರಕ್ತದೊಡನೆ ಪೋರ್ಟಲ್ ರಕ್ತನಾಳದಲ್ಲಿ ಸಾಗಿ ಯಕೃತ್ತಿನೊಳಗಿನ ಅದರ ಸಣ್ಣ ಕವಲುಗಳಲ್ಲಿ ಸಿಕ್ಕಿಬೀಳುತ್ತವೆ. ಸೋಂಕು ತಗುಲಿದ ಐದಾರು ವಾರಕ್ಕೆ ಮೊಟ್ಟೆ ಶುರುವಾದಾಗ ದೇಹದ ಪ್ರತಿರೋಧ ವರಸೆ ಬದಲಿಸುತ್ತದೆ. ಅಲ್ಲಿಯವರೆಗೆ ಮುಂದಿದ್ದದ್ದು, ಜೀವಕಣಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನುಗಳಲ್ಲೊಂದಾದ ಇಂಟರ್‌ಫೆರಾನ್ ಗಾಮಾ. ಈಗ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಇನ್ನೆರಡು ಮುಂದಾಗುತ್ತವೆ. ಇಯೊಸಿನೊಫಿಲ್, ಮ್ಯಾಕ್ರೊಫೇಜ್ ಎಂಬ ರಕ್ಷಣಾ ಜೀವಕಣಗಳು ಮೊಟ್ಟೆಯನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಇಂಟರ್‌ಲ್ಯೂಕಿನ್ 13ರ ಪ್ರಚೋದನೆಯಿಂದ ಯಕೃತ್ತಿನ ಸ್ಟೆಲೇಟ್ ಕಣಗಳು ಕೊಲಾಜೆನ್ ನಾರು ಸುರಿಸುತ್ತವೆ. ಕೆಲವು ವಾರಗಳಲ್ಲಿ ಮೊಟ್ಟೆ ಸಾಯುತ್ತದೆ, ಗಂಟು ಕುಗ್ಗುತ್ತದೆ, ನಾರು ಮಾತ್ರ ಉಳಿಯುತ್ತದೆ. ಈ ಬಿಳಿ ಪಟ್ಟಿ ಹುಳು ಮಾಡಿದ್ದಲ್ಲ, ದೇಹವೇ ಕಟ್ಟಿದ್ದು. ರೋಗಶಾಸ್ತ್ರಜ್ಞ ಸಿಮ್ಮರ್ಸ್ 1904ರಲ್ಲಿ ಇದನ್ನು ವರ್ಣಿಸಿದಾಗ, ಕೊಯ್ದ ಯಕೃತ್ತಿನಲ್ಲಿ ಬಿಳಿ ಜೇಡಿಮಣ್ಣಿನ ಚಿಲುಮೆಯ ಕೊಳವೆಗಳನ್ನು ಚುಚ್ಚಿದಂತೆ ಕಂಡಿತ್ತು.

ಯಕೃತ್ತಿನ ರಕ್ತಪರೀಕ್ಷೆ ಬಹುಮಟ್ಟಿಗೆ ಸಹಜ.

ನೆಮ್ಮದಿ ಕೊಡುವ ಸಾಲು ಇದು, ಆದರೆ ನಂಬಿ ಕೂರುವಂತಿಲ್ಲ. ಕುಡಿತದಿಂದ ಬರುವ ಸಿರೋಸಿಸ್‌ನಲ್ಲಿ ಯಕೃತ್ತಿನ ಕಣಗಳೇ ಸಾಯುತ್ತವೆ. ಇಲ್ಲಿ ನಾರು ರಕ್ತನಾಳಗಳ ಸುತ್ತ ಬೆಳೆಯುವುದರಿಂದ ಕಣಗಳು ತಮ್ಮ ಕೆಲಸ ಮಾಡಿಕೊಂಡೇ ಇರುತ್ತವೆ. ಗಂಟಿನ ಉಪಕಾರವನ್ನೂ ಇಲ್ಲೇ ಹೇಳಬೇಕು. ಈ ಪ್ರತಿರೋಧವನ್ನು ನಡೆಸುವ ಟಿ ಕಣಗಳಿಲ್ಲದ ಇಲಿಗಳಲ್ಲಿ ಗಂಟು ಸರಿಯಾಗಿ ಕಟ್ಟುವುದಿಲ್ಲ. ಮೊಟ್ಟೆ ಸೂಸುವ ವಿಷ ನೇರವಾಗಿ ಯಕೃತ್ತಿನ ಕಣಗಳನ್ನು ಕೊಲ್ಲುತ್ತದೆ. ಆದ್ದರಿಂದ ಪ್ರತಿರೋಧವನ್ನೇ ಅಪರಾಧಿ ಎನ್ನುವುದು ಅನ್ಯಾಯ. ಅದು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ, ಅಷ್ಟೇ.

ಗುಲ್ಮ ದೊಡ್ಡದಾಗಿದೆ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿವೆ.

ನಾರಿನಿಂದ ಯಕೃತ್ತಿನೊಳಗಿನ ದಾರಿ ಬಿಗಿದಾಗ ರಕ್ತ ಹಿಂದಕ್ಕೆ, ಗುಲ್ಮ ಮತ್ತು ಅನ್ನನಾಳದ ಕಡೆಗೆ ಒತ್ತುತ್ತದೆ. ರೋಗಿಯ ಜೀವಕ್ಕೆ ಎರವಾಗುವುದು ಈ ಉಬ್ಬು ಒಡೆದು ಆಗುವ ರಕ್ತವಾಂತಿ.

ಅದೇ ಮನೆಯ ತಮ್ಮನ ಸ್ಕ್ಯಾನ್ ಸಹಜ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ಸಾಲಿದು. ಅದೇ ಕಾಲುವೆ, ಅದೇ ಹುಳು. ಒಬ್ಬನಿಗೆ ನಾರು, ಇನ್ನೊಬ್ಬನಿಗೆ ಇಲ್ಲ. ಸುಡಾನಿನ ಕುಟುಂಬಗಳನ್ನು ಪರೀಕ್ಷಿಸಿದ ಸಂಶೋಧಕ ಡೆಸ್ಸೆನ್ ಅವರ ತಂಡ 1999ರಲ್ಲಿ, ತೀವ್ರ ನಾರುಗಟ್ಟುವಿಕೆಯ ಸುಳಿವು ಆರನೇ ವರ್ಣತಂತುವಿನಲ್ಲಿ, ಇಂಟರ್‌ಫೆರಾನ್ ಗಾಮಾ ಗ್ರಾಹಿಯ ಜೀನ್ ಇರುವ ಭಾಗದಲ್ಲಿ ಇದೆ ಎಂದು ತೋರಿಸಿತು. ಕೊಲಾಜೆನ್ ತಯಾರಿಗೆ ಕಡಿವಾಣ ಹಾಕುವುದೂ ಇದೇ ಇಂಟರ್‌ಫೆರಾನ್. ಇದರ ಜೊತೆಗೆ ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್ 10 ಇದೆ. ಹುಳು ಎಷ್ಟು, ಎಷ್ಟು ವರ್ಷದಿಂದ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆದರೆ ಮೊಟ್ಟೆಯ ಎಣಿಕೆಯೊಂದನ್ನೇ ನೋಡಿ ಯಾರ ಯಕೃತ್ತು ನಾರುಗಟ್ಟೀತು ಎಂದು ಹೇಳಲಾಗದು.

ಪ್ರಾಜಿಕ್ವಾಂಟೆಲ್ ಕೊಡಲಾಗಿದೆ.

ಹುಳು ಕೊಲ್ಲುವ ಮಾತ್ರೆ ಇದು, ತೂಕದ ಕಿಲೋಗೆ 40 ಮಿಲಿಗ್ರಾಂ. ಬೆಳೆದ ಹುಳು ಸಾಯುತ್ತದೆ, ಹೊಸ ಮೊಟ್ಟೆ ನಿಲ್ಲುತ್ತದೆ. ಮಕ್ಕಳಲ್ಲಿ ಆಗತಾನೇ ಮೂಡಿದ ನಾರು ಇದರಿಂದ ಕರಗಬಹುದು. ಬಲಿತ ಪಟ್ಟಿ ಅಷ್ಟು ಸುಲಭಕ್ಕೆ ಸರಿಯದು. ಹಾಗಾಗಿ ಮಾತ್ರೆ ಮೊದಲು ತಲುಪಬೇಕಾದ್ದು ಶಾಲೆಗೆ. ತಕ್ಕಡಿ ಇಲ್ಲದ ಕಡೆ ಗುರುತು ಹಾಕಿದ ಕೋಲಿನ ಪಕ್ಕ ಮಗುವನ್ನು ನಿಲ್ಲಿಸಿ, ಎತ್ತರ ನೋಡಿ ಎಷ್ಟು ಮಾತ್ರೆ ಎಂದು ತೀರ್ಮಾನಿಸುತ್ತಾರೆ. ಮರುದಿನ ಆ ಮಗು ಮತ್ತೆ ಅದೇ ಕಾಲುವೆಗೆ ಇಳಿದರೆ ಹೊಸ ಮರಿಗಳನ್ನು ತಡೆಯುವ ಶಕ್ತಿ ಮಾತ್ರೆಗಿಲ್ಲ. ಅದಕ್ಕೆ ಮನೆಗೆ ನಲ್ಲಿ ನೀರು, ಊರಿಗೆ ಶೌಚಾಲಯ ಬೇಕು.