ಏಕಲವ್ಯನಿಗೆ ಸಿಟ್ಟು ಬರಬಾರದೇ?

ಷೇಕ್ಸ್‌ಪಿಯರನ ಕಪ್ಪು ಸೇನಾನಿ ಒಥೆಲೋ ಕನ್ನಡಕ್ಕೆ ಬಹಳ ಬೇಗ ಬಂದ. 1885ರಲ್ಲಿ ಗುಂಡೋ ಕೃಷ್ಣ ಚುರಮರಿಯವರು ಅವನನ್ನು ರಾಘವೇಂದ್ರರಾವ್ ಮಾಡಿದರು. ಮೈಸೂರಿನ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳ ಕೈಯಲ್ಲಿ ಅವನು ಶೂರಸೇನನಾದ. ಅಂದಿನ ಪ್ರೇಕ್ಷಕರಿಗೆ ಕತೆ ಹತ್ತಿರವಾಯಿತು, ನಿಜ. ಆದರೆ ವೆನಿಸ್ ನಗರಕ್ಕೆ ಅವನ ಶೌರ್ಯ ಬೇಕು, ಅವನ ಮೈಬಣ್ಣ ಬೇಡ ಎಂಬ ಬೇಗುದಿ ಆ ಹೆಸರುಗಳ ಹಿಂದೆ ಮರೆಯಾಯಿತು. ಆ ಬೇಗುದಿಯಿಲ್ಲದೆ, ಶಂಕೆ ಬಿತ್ತುವ ಇಯಾಗೋನ ಮಾತು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ತನ್ನಂಥವನನ್ನು ಹೆಂಡತಿ ದೆಸ್ದೆಮೋನಾ ಎಷ್ಟು ದಿನ ಪ್ರೀತಿಸಿಯಾಳು ಎಂದು ಒಥೆಲೋ ಅಳುಕುವುದು ಊರು ಅವನಿಗೆ ಕಲಿಸಿದ ಅಳುಕು. ಅದನ್ನು ತೆಗೆದರೆ ಉಳಿಯುವುದು ಹೆಂಡತಿಯನ್ನು ಶಂಕಿಸಿದ ಗಂಡನ ಕತೆ ಮಾತ್ರ.

ನಮ್ಮ ದುರಂತ ನಾಟಕ ಹೊರಗಿನವನನ್ನು ನಿಜವಾಗಿ ಎದುರುಗೊಂಡದ್ದು ಏಕಲವ್ಯನಲ್ಲಿ. ಬಿ.ಎಂ.ಶ್ರೀಯವರು ಸೊಫೋಕ್ಲಿಸನ ನಾಟಕವನ್ನು 1929ರಲ್ಲಿ 'ಅಶ್ವತ್ಥಾಮನ್' ಆಗಿಸಿ ದುರಂತದ ಹದವನ್ನು ಕನ್ನಡಕ್ಕೆ ತೋರಿಸಿಕೊಟ್ಟಿದ್ದರು. ಟಿ.ಪಿ. ಕೈಲಾಸಂ ಇಂಗ್ಲಿಷಿನ 'ದಿ ಪರ್ಪಸ್'ನಲ್ಲಿ, ಕುವೆಂಪು 1947ರ 'ಬೆರಳ್‌ಗೆ ಕೊರಳ್'ನಲ್ಲಿ ನಿಷಾದ ಹುಡುಗನನ್ನು ನಡುವಿಗೆ ತಂದರು. ಇಲ್ಲಿ ಷೇಕ್ಸ್‌ಪಿಯರನ ಲೆಕ್ಕ ತಿರುವುಮುರುವಾಗಿದೆ. ಒಥೆಲೋ ನಾಟಕದಲ್ಲಿ ಕೊಲ್ಲುವ ಮತ್ಸರ ಹೊರಗಿನವನದು. ಏಕಲವ್ಯನ ಕತೆಯಲ್ಲಿ ಮತ್ಸರ ಅರಮನೆಯದು, ತನಗಿಂತ ದೊಡ್ಡ ಬಿಲ್ಲಾಳು ಇರಕೂಡದೆಂಬ ಅರ್ಜುನನದು. ಗುರು ದ್ರೋಣನಿಗೆ ಹೆಬ್ಬೆರಳು ಕೊಟ್ಟು ಕಳೆದುಕೊಳ್ಳುವವನು ಮಾತ್ರ ಕಾಡಿನವನು. ಈ ದೇಶದ ಮಟ್ಟಿಗೆ ಇದೇ ಹೆಚ್ಚು ಸತ್ಯವೆಂದು ನನ್ನ ಬಲವಾದ ನಂಬಿಕೆ. ವಿದ್ಯೆ ಕಲಿತ ಹೊರಗಿನವನನ್ನು ಕಂಡು ಒಳಗಿನವರಿಗೆ ಹೊಟ್ಟೆ ಉರಿಯುವುದನ್ನು ನಾವು ಪುರಾಣದಲ್ಲಿ ಮಾತ್ರ ನೋಡಿಲ್ಲ.

ಆದರೂ ಈ ಪರಂಪರೆಯ ಬಗ್ಗೆ ನನಗೊಂದು ತಕರಾರಿದೆ. ಏಕಲವ್ಯ ಅತಿ ಒಳ್ಳೆಯವನು. ಕುವೆಂಪು ಬೆರಳಿನ ಲೆಕ್ಕವನ್ನು ದ್ರೋಣನ ಕೊರಳಿನಿಂದಲೇ ಚುಕ್ತಾ ಮಾಡಿಸುವಷ್ಟು ನಿಷ್ಠುರರು, ಆದರೆ ಆ ಸಿಟ್ಟನ್ನು ತಾಯಿಯ ಪಾಲಿಗೆ ಬಿಟ್ಟರು. ಮಗನಿಗೆ ಉಳಿದದ್ದು ಗುರುಭಕ್ತಿ. ಅರ್ಧ ಶತಮಾನದ ಬಳಿಕ ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯಲ್ಲೂ ಅಷ್ಟೆ. ಯವಕ್ರಿ, ರೈಭ್ಯ, ಪರಾವಸು, ಹೀಗೆ ಯಜ್ಞದ ಸುತ್ತಲಿನವರೆಲ್ಲ ಒಬ್ಬರ ಏಳಿಗೆ ಕಂಡು ಇನ್ನೊಬ್ಬರು ಕುದಿಯುತ್ತಾರೆ. ತಂದೆಗೇ ಮಗನ ಮೇಲೆ ಹೊಟ್ಟೆಕಿಚ್ಚು. ಬೇಡರ ಹುಡುಗಿ ನಿತ್ತಿಲೈ ಮಾತ್ರ ಕರುಣೆಯೇ ಮೈವೆತ್ತಂತೆ ಓಡಾಡಿ, ಕೊನೆಗೆ ಅಣ್ಣ ಮತ್ತು ಗಂಡನ ಕೈಯಲ್ಲಿ ಸಾಯುತ್ತಾಳೆ. ಒಥೆಲೋನಿಗೆ ಷೇಕ್ಸ್‌ಪಿಯರ್ ಕೊಟ್ಟ ದೊಡ್ಡ ಗೌರವವೆಂದರೆ ತಪ್ಪು ಮಾಡುವ ಹಕ್ಕು. ನಮ್ಮ ನಾಟಕಕಾರರು ಹೊರಗಿನವರಿಗೆ ಕಣ್ಣೀರು ಕೊಟ್ಟರು, ಆ ಹಕ್ಕು ಕೊಡಲಿಲ್ಲ. ಯಕ್ಷಗಾನದ 'ಕಿರಾತಾರ್ಜುನ'ದಲ್ಲೂ ಬೇಡನಿಗೆ ಅರ್ಜುನ ಕೈಮುಗಿಯುವುದು, ಅವನು ಶಿವನೆಂದು ತಿಳಿದ ಮೇಲೆ.

ಮಂಗಳೂರಿನ ಉರ್ವದಲ್ಲಿ ಕೂತು ಇದನ್ನು ಬರೆಯುವಾಗ ಇನ್ನೊಂದು ಬಣ್ಣದ ನೆನಪು ಬಿಡುವುದಿಲ್ಲ. ಹಬ್ಬದ ದಿನಗಳಲ್ಲಿ ಮೈಗೆ ಮಸಿ ಬಳಿದುಕೊಂಡು 'ಕೊರಗ ವೇಷ' ಹಾಕಿ ತಿರುಗುವುದು ಈ ಕರಾವಳಿಯಲ್ಲಿ ಬಹುಕಾಲ ವಿನೋದವಾಗಿ ನಡೆಯಿತು. ಇಲ್ಲಿನ ಬುಡಕಟ್ಟು ಜನರಾದ ಕೊರಗರನ್ನು ಅಮಾನುಷವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯೇ ಬರಬೇಕಾಯಿತು. ಇಂಗ್ಲೆಂಡಿನಲ್ಲಿಯೂ 1604ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಮುಖಕ್ಕೆ ಕಪ್ಪು ಬಳಿದ ಬಿಳಿಯರೇ ಒಥೆಲೋ ಆಗುತ್ತಿದ್ದರು. 1833ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಕಪ್ಪು ನಟ ಐರಾ ಆಲ್ಡ್ರಿಜ್, 1943ರಲ್ಲಿ ಬ್ರಾಡ್‌ವೇಯಲ್ಲಿ ಕಪ್ಪು ನಟ ಪಾಲ್ ರಾಬ್ಸನ್ ರಂಗಕ್ಕೆ ಬಂದ ಮೇಲೆ ಆ ಪಾತ್ರದ ನೋವು ಮೇಕಪ್ಪಿನದಾಗಿ ಉಳಿಯಲಿಲ್ಲ.

ಹೊರಗಿನವನಿಗೆ ತಪ್ಪು ಮಾಡುವ ಹಕ್ಕು ಕೊಡುವ ನಾಟಕಕ್ಕೆ ನಮಗೆ ವಸ್ತುವಿನ ಬಡತನವಿಲ್ಲ. ಏಳಾಳಿನ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಹೋಗಿ, ಹೊರಗೇ ನಿಲ್ಲಬೇಕಾಗಿ ಬಂದು, ಅಲ್ಲೇ ಮಾಯವಾಗುವ ಕೊರಗ ತನಿಯನ ಪಾಡ್ದನವೆಂಬ ಹಾಡುಗತೆ ತುಳುವಿನಲ್ಲಿದೆ. ಅವನನ್ನು ಕೊರಗಜ್ಜನೆಂದು ಊರೆಲ್ಲ ನಂಬುತ್ತದೆ. ದೈವವಾಗುವ ಮೊದಲಿನ ತನಿಯ, ಹೊರೆ ಇಳಿಸಿ ಬಾಗಿಲ ಹೊರಗೆ ನಿಂತ ಯುವಕ, ಏನು ನೆನೆದಿರಬಹುದು? ಒಳಗಿರುವವರನ್ನು ಕಂಡು ಅವನಿಗೂ ಕರುಬು ಹುಟ್ಟಿರಲಿಕ್ಕಿಲ್ಲವೇ, ರೋಷ ಉಕ್ಕಿರಲಿಕ್ಕಿಲ್ಲವೇ? ಆ ನಾಟಕವನ್ನು ಬರೆಯಬೇಕಾದವರು, ಆಡಬೇಕಾದವರು ಕೊರಗ ಸಮುದಾಯದ ತರುಣ ತರುಣಿಯರು. ಉರ್ವಸ್ಟೋರಿನ ತುಳು ಭವನದಲ್ಲಿರುವ ತುಳು ಸಾಹಿತ್ಯ ಅಕಾಡೆಮಿಯೂ ನಗರದ ನಾಟಕ ತಂಡಗಳೂ ಅವರನ್ನು ಕರೆದು, ರಂಗವನ್ನೂ ಬೇಕಾದ ಹಣವನ್ನೂ ಒದಗಿಸಿ, ಅವರು ಬರೆದುದರ ಒಂದು ಮಾತನ್ನೂ ತಿದ್ದದೆ ಆಡಲು ಬಿಡಬೇಕು.